ಫಕ್ಕೀರನನ್ನು ಕರೆದ ಮೈಕು

ನಾನು ಒಂದು ಮೈಕು. ಹಿಡಿಯಷ್ಟು ಮೈ, ತಲೆಗೆ ಜಾಲರಿ, ಹಿಂದೆ ಉದ್ದನೆಯ ವೈರು. ಆ ವೈರನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಮಾತ್ರ ನಾನು ಕೇಳಿದ್ದು ಅದರಲ್ಲಿ ದಾಖಲಾಗುತ್ತದೆ. ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ. ಅಲ್ಲಿ ಒಬ್ಬ ಹೆಂಗಸು ತನ್ನ ಭಾಷೆಯಲ್ಲಿ ಮೂರು ಮಾತಾಡಿ, ನನಗೆ ಕೇಳಿಸಿತೆಂದು ಖಾತ್ರಿಯಾದ ಮೇಲೆ ಡಬ್ಬಿಗೆ ಹಾಕಿದಳು. ಮತ್ತೆ ಬೆಳಕು ಕಂಡದ್ದು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ.

ನನ್ನನ್ನು ಕೊಂಡವರು ರಾಣೆಬೆನ್ನೂರಿನ ಕಾಲೇಜಿನ ಇತಿಹಾಸದ ಮೇಷ್ಟ್ರು ಮುರಿಗೆಪ್ಪನವರು. ಹಳೇ ಕೋಟೆಗಳ ಕತೆ ಹೇಳುವ ಪಾಡ್‌ಕಾಸ್ಟ್ ಮಾಡಬೇಕೆಂಬ ಹುರುಪು ಅವರಿಗಿತ್ತು. ನಾಲ್ಕು ಕಂತು ಹೇಳಿದರು. ಕೇಳುವವರಿಲ್ಲವೆಂದು ತಿಳಿದ ಮೇಲೆ ಹುರುಪು ಇಳಿಯಿತು. ಊರಿನ ಗ್ರಂಥಾಲಯಕ್ಕೆ ನನ್ನನ್ನು ಕೊಟ್ಟುಬಿಟ್ಟರು.

ಅಲ್ಲಿ ಗ್ರಂಥಪಾಲಕ ನದಾಫ ಸರ್ ಶನಿವಾರ ಮಧ್ಯಾಹ್ನ ಹೊಸಬರಿಗೆ ಒಂದು ತರಗತಿ ನಡೆಸುತ್ತಿದ್ದರು. ವೆಬ್ ಪುಟ ಕಟ್ಟುವುದು, ಅದರಲ್ಲಿ ತಮ್ಮ ದನಿ ಹಾಕುವುದು.

"ಪುಟದಾಗ ಯಾವುದು ಏನು ಅಂತ ಗುರುತು ಹಚ್ಚಬೇಕ್ರಿ," ಎಂದು ಹಲಗೆಯ ಮೇಲೆ ಬರೆಯುತ್ತಿದ್ದರು. "ಇದು ತಲೆಬರಹ, ಇದು ಪ್ಯಾರಾ, ಇಲ್ಲಿ ಫೋಟೊ, ಇಲ್ಲಿ ದನಿ. ಈ ಗುರುತಿಗೆ ಟ್ಯಾಗ್ ಅಂತಾರ. ಪಾಡ್‌ಕಾಸ್ಟ್ ಅಂದ್ರ ಮತ್ತೇನಲ್ಲ. ಮೈಕಿನ್ಯಾಗ ಮಾತಾಡ್ರಿ, ಉಳಿಸ್ರಿ, ಪುಟಕ್ಕ ಹಚ್ರಿ. ಎಲ್ಲಿದ್ದವರೂ ಕೇಳಬಹುದು."

ಕೊನೇ ಬೆಂಚಿನಿಂದ ಒಂದು ಕೈ ಎದ್ದಿತು. "ಎಲ್ಲಿದ್ರೂ ಏನ್ರೀ ಸರ?"

ಅವಳು ಹೊನ್ನವ್ವ. ಬೀಜದ ಕಂಪನಿಯೊಂದರಲ್ಲಿ ಮೆಣಸಿನ ಬೀಜ ಆರಿಸುವ ಕೆಲಸ. ನಾಲ್ಕು ವರ್ಷದ ಹಿಂದೆ ತಮ್ಮ ಫಕ್ಕೀರನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ತೋರಿಸಿ ವಾಪಸಾಗುವಾಗ, ಸ್ಟೇಷನ್ನಿನಲ್ಲಿ ಅವನನ್ನು ಕೂರಿಸಿ ಇಡ್ಲಿ ತರಲು ಹೋಗಿದ್ದಳು. ಬಂದು ನೋಡಿದರೆ ಬೆಂಚು ಖಾಲಿ. ನಿಂತಿದ್ದ ಯಾವುದೋ ಗಾಡಿ ಹತ್ತಿಬಿಟ್ಟಿದ್ದ. ಇಪ್ಪತ್ತಾರರ ಪ್ರಾಯ, ಆದರೆ ಅವನಿಗೆ ಮಾತು ಬೆಳೆದಿರಲಿಲ್ಲ. ಹೆಸರು ಹೇಳಲು ಬಾರದು, ಊರು ಹೇಳಲು ಬಾರದು. ಅಕ್ಕ ಊಟಕ್ಕೆ ಕರೆದರೆ ಮಾತ್ರ ಎಲ್ಲಿದ್ದರೂ ಓಡಿ ಬರುತ್ತಿದ್ದ.

"ಪೊಲೀಸರು ಫೋಟೊ ಹಚ್ಚಿದ್ರು," ಎಂದಳು ಹೊನ್ನವ್ವ. "ಫೋಟೊಕ್ಕ ಅವ ಓ ಅಂತಾನೇನ್ರಿ? ನನ್ನ ದನಿಗೆ ಅಂತಾನ."

ನದಾಫ ಸರ್ ನನ್ನನ್ನು ಅವಳ ಮುಂದಿಟ್ಟರು.

ಕೆಳಗಿನಿಂದ ನನಗೆ ಕಾಣುತ್ತಿದ್ದುದು ಅವಳ ಗದ್ದ ಮಾತ್ರ. ಹನ್ನೊಂದು ನಿಮಿಷ ಬರೀ ಉಸಿರು ಕೇಳಿಸಿಕೊಂಡೆ. ಆಮೇಲೆ ಒಮ್ಮೆಲೇ, ಹಿತ್ತಲ ಬಾಗಿಲಲ್ಲಿ ನಿಂತವಳ ಹಾಗೆ ಕೂಗಿದಳು: "ಏ ಫಕ್ಕೀರಾ, ಬಾರೋ! ರೊಟ್ಟಿ ಆರಾಕ ಹತ್ಯಾವು!" ಓದುತ್ತಿದ್ದವರೆಲ್ಲ ಪತ್ರಿಕೆ ಕೆಳಗಿಳಿಸಿ ತಿರುಗಿ ನೋಡಿದರು.

ಪುಟವನ್ನು ಅವಳೇ ಕಟ್ಟಿದಳು. ತಲೆಬರಹ, ಎರಡು ಪ್ಯಾರಾ, ಫೋನ್ ನಂಬರು, ದನಿ. ಫೋಟೊ ಮಾತ್ರ ಮೂಡಲೊಲ್ಲದು. ಎರಡು ಶನಿವಾರ ಅವಳೂ ನದಾಫ ಸರೂ ತಲೆ ಕೆಡಿಸಿಕೊಂಡರು. ಕಡೆಗೆ ಕೆಟ್ಟ ಬೀಜ ಹುಡುಕಿ ತೆಗೆಯುವ ಕಣ್ಣೇ ಅದನ್ನು ಹಿಡಿಯಿತು. ಫೋಟೊದ ಫೈಲಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರವಿತ್ತು, ಟ್ಯಾಗಿನಲ್ಲಿ ಸಣ್ಣಕ್ಷರ; ಎರಡೂ ಒಂದೇ ಇರಬೇಕಿತ್ತು. ತಿದ್ದಿದ ಕೂಡಲೇ ಪರದೆಯ ಮೇಲೆ ಫಕ್ಕೀರ ನಕ್ಕ. ಅವಳೂ ನಕ್ಕಳು. ಅವಳ ನಗು ನಾನು ಕೇಳಿದ್ದು ಅದೊಂದೇ ಸಲ.

ವಾರಕ್ಕೊಂದು ಕರೆ. ನಾಲ್ಕೂವರೆ ತಿಂಗಳಾಗುವ ಹೊತ್ತಿಗೆ ಹತ್ತೊಂಬತ್ತಾದವು. ನದಾಫ ಸರ್ ಅನಾಥಾಶ್ರಮಗಳಿಗೆ, ಆಸ್ಪತ್ರೆಗಳಿಗೆ ಪುಟದ ವಿಳಾಸ ಕಳಿಸುತ್ತಲೇ ಇದ್ದರು. ಕೇಳಿದವರ ಲೆಕ್ಕ ಏಳೆಂಟು ದಾಟಲಿಲ್ಲ. ಅದರಲ್ಲಿ ಇಬ್ಬರು ಇವರೇ.

ಒಂದು ಶನಿವಾರ ತರಗತಿಯಲ್ಲಿರುವಾಗಲೇ ಹೊನ್ನವ್ವನಿಗೆ ಬೆಳಗಾವಿಯಿಂದ ಫೋನು ಬಂತು. ನಿರ್ಗತಿಕರ ಆಶ್ರಮವೊಂದನ್ನು ನೋಡಿಕೊಳ್ಳುವ ಲಗಮಣ್ಣ ಎಂಬವನದು. "ಯಕ್ಕಾ, ಇಲ್ಲೊಬ್ಬ ಮಾತು ಬರದಾಂವ ಅದಾನ್ರಿ. ನಿಮ್ಮ ದನಿ ಹಚ್ಚಿದ್ವಿ. ಎದ್ದು ಓಡಿ ಬಂದು ಫೋನ್ ತಬ್ಬಿಕೊಂಡು ಅಳಾಕ ಹತ್ಯಾನ." ಕಳಿಸಿದ ಫೋಟೊದಲ್ಲಿ ಗಡ್ಡ ಮುಖವನ್ನೆಲ್ಲ ಮುಚ್ಚಿತ್ತು. ಹೊನ್ನವ್ವನಿಗೆ ಅಷ್ಟೇ ಸಾಕಾಯಿತು. "ಆಶ್ರಮದ ಕಂಪ್ಯೂಟರಿನ್ಯಾಗ ಅವನ ದನೀನೂ ಹಿಡದು ಪುಟಕ್ಕ ಹಾಕೂಣ್ರಿ," ಎಂದು ನದಾಫ ಸರ್ ನನ್ನನ್ನೂ ಅವಳ ಚೀಲಕ್ಕೆ ಹಾಕಿದರು. ಚೀಲದಲ್ಲಿ ನನ್ನ ಪಕ್ಕ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಗಳಿದ್ದವು. ಬೆಳಗಾವಿಯವರೆಗೂ ಅವು ಬೆಚ್ಚಗಿರಲೆಂದು ಅವಳು ಚೀಲವನ್ನು ಮಡಿಲಿನಿಂದ ಇಳಿಸಲಿಲ್ಲ.

ಆಶ್ರಮದ ಬಾಗಿಲಲ್ಲಿ ನಿಂತು ಅವಳು ಕೂಗಿದಳು. ಒಳಗಿನಿಂದ ಒಬ್ಬ ಬರಿಗಾಲಲ್ಲಿ ಓಡಿ ಬಂದು ಅವಳ ಸೆರಗು ಹಿಡಿದುಕೊಂಡ. ಅವಳು ಅವನ ಎಡಗೈ ತಿರುಗಿಸಿ ನೋಡಿದಳು. ಫಕ್ಕೀರನ ಅಂಗೈಯಲ್ಲಿ ಚಿಕ್ಕಂದಿನ ಸುಟ್ಟ ಕಲೆ ಇತ್ತು. ಇವನ ಅಂಗೈ ಬೋಳಾಗಿತ್ತು.

"ಇಂವ ಅಲ್ರೀ," ಎಂದಳು.

ಆದರೆ ಅವನು ಸೆರಗು ಬಿಡಲಿಲ್ಲ. ಅವಳು ಅಲ್ಲೇ ನೆಲದ ಮೇಲೆ ಕುಳಿತು, ಗಂಟು ಬಿಚ್ಚಿ, ರೊಟ್ಟಿ ಮುರಿದು ಅವನ ಬಾಯಿಗಿಟ್ಟಳು. ಹೊರಟಾಗ ಲಗಮಣ್ಣ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಬಸ್ಸಿನ ಸದ್ದಿನಲ್ಲೂ ಅವನ ಕೂಗು ನನಗೆ ಕೇಳಿಸುತ್ತಲೇ ಇತ್ತು.

ಮುಂದಿನ ಶನಿವಾರ ಅವಳು ನನ್ನೆದುರು ಕುಳಿತಳು.

"ಕರೀರಿ ಹೊನ್ನವ್ವಾ," ಎಂದರು ನದಾಫ ಸರ್ ಮೆಲ್ಲಗೆ.

"ಕರದ್ರ ಯಾರರ ಬರ್ತಾರ್ರೀ ಸರ. ಅವ ಬರಂಗಿಲ್ಲ." ನನ್ನನ್ನು ಮೇಜಿನ ಆ ಬದಿಗೆ ಸರಿಸಿ ಎದ್ದು ಹೋದಳು. ಮತ್ತೆ ಬರಲಿಲ್ಲ.

ನದಾಫ ಸರ್ ನಿವೃತ್ತರಾದರು, ತರಗತಿ ನಿಂತಿತು. ಪುಟವಿದ್ದ ಪುಕ್ಕಟೆ ಜಾಗವನ್ನು ಅದರ ಒಡೆಯರು ಮುಚ್ಚಿದರು. ಫಕ್ಕೀರನ ನಗುವೂ ಅಕ್ಕನ ಕರೆಗಳೂ ಅದರೊಂದಿಗೇ ಹೋದವು. ಹಳೇ ಕಂಪ್ಯೂಟರು ಗುಜರಿಗೆ ಹೋಯಿತು. ನಾನು ಗ್ರಂಥಾಲಯದ ಬೀರುವಿನ ತಳದಲ್ಲಿ, ಒಣಗಿದ ಶಾಯಿಪ್ಯಾಡುಗಳ ನಡುವೆ ಬಿದ್ದಿದ್ದೇನೆ. ನನ್ನ ವೈರನ್ನು ಇಲಿ ಕಡಿದಿದೆ.

ಆ ಹತ್ತೊಂಬತ್ತು ಕರೆಗಳೂ, ಎಲ್ಲಿ ದನಿ ಏರಿತು, ಎಲ್ಲಿ ಒಡೆಯಿತು ಎಂಬುದರ ಸಮೇತ ನನಗೆ ನೆನಪಿವೆ. ಈಗ ಅವು ಇರುವುದು ನನ್ನಲ್ಲಿ ಮಾತ್ರ. ಆದರೆ ನಾನು ಹುಟ್ಟಿದ್ದು ಕಿವಿಯಾಗಿ. ನನಗೆ ಬಾಯಿಲ್ಲ.