ಏಳನೇ ನಂಬರು

ಚರ್ಮದ ಡಾಕ್ಟರು ಲ್ಯಾಬಿನ ಲಕೋಟೆ ಒಡೆಯುವಷ್ಟರಲ್ಲಿ ಮಾಂಸದಂಗಡಿಯವನು ಕುರ್ಚಿಯ ತುದಿಗೆ ಸರಿದಿದ್ದ. ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿ ಅವನತ್ತ ತಿರುಗಲಿಲ್ಲ. ಅವಳು ಅವನ ಮುಖ ನೋಡುವುದನ್ನು ಬಿಟ್ಟು ಹಲವು ವಾರಗಳಾಗಿದ್ದವು.

ಮಾಂಸ ಹಿಡಿಯುವ ಅವನ ಎಡಗೈ ತುಂಬ ನರಹುಲಿಗಳು. ಗಿರಾಕಿಗಳು ಮುಖ ಕಿವುಚುತ್ತಾರೆಂದು ಆಗ ಹೆಂಡತಿಯೊಂದಿಗೆ ತೆಗೆಸಿಕೊಳ್ಳಲು ಬಂದಿದ್ದ. ಇವು ಪ್ಯಾಪಿಲೋಮಾ ಎಂಬ ವೈರಸ್ಸಿನಿಂದ ಬರುತ್ತವೆ ಎಂದು ಡಾಕ್ಟರು ಹೇಳಿದ್ದೇ ತಡ, ಹೆಂಡತಿಯ ಮುಖ ಕಪ್ಪಿಟ್ಟಿತು. ಮಗಳ ಶಾಲೆಗೆ ಲಸಿಕೆ ಹಾಕಲು ಬಂದಿದ್ದ ನರ್ಸಿನ ಬಾಯಲ್ಲಿ ಅದೇ ಹೆಸರನ್ನು ಕೇಳಿದ್ದಳು. ಗಂಡು ಹೆಣ್ಣಿನ ಸಂಬಂಧದಿಂದ ಹರಡುತ್ತದೆ, ಮುಂದೆ ಹೆಂಗಸರಿಗೆ ಕ್ಯಾನ್ಸರ್ ತರಬಹುದು ಎಂದಿದ್ದಳು ಆ ನರ್ಸು. ತನ್ನಿಂದ ಬಂದಿಲ್ಲವೆಂದ ಮೇಲೆ ಇವನಿಗೆ ಇನ್ನೆಲ್ಲಿಂದ ಬಂತು?

ಆ ವೈರಸ್ಸಿನಲ್ಲಿ ನೂರಾರು ಬಗೆಗಳಿವೆ, ಒಂದೊಂದಕ್ಕೂ ಒಂದೊಂದು ನಂಬರು, ಕೈಗೆ ಬರುವುದು ಸಾಮಾನ್ಯವಾಗಿ ಬೇರೆಯೇ, ಪರೀಕ್ಷೆಯ ಅಗತ್ಯವಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅವಳು ಪಟ್ಟು ಬಿಡಲಿಲ್ಲ. ಯಾವ ಬಗೆಯೆಂದು ಕಾಗದದ ಮೇಲೆ ಬರಲಿ ಎಂದಳು. ಕೊನೆಗೆ ನರಹುಲಿಯ ಒಂದು ಚೂರು ಕೊಯ್ದು ಲ್ಯಾಬಿಗೆ ಕಳಿಸಿದ್ದಾಯಿತು. ಊರಿಗೆಲ್ಲ ಕತ್ತರಿಸಿ ಕೊಡುವವನು ಅಂದು ತನ್ನದೇ ತುಂಡು ಕೊಟ್ಟು ಮನೆಗೆ ಹೋದ.

ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಆಗಿದ್ದರೆ ಅವನಿಗೆ ಹೋದ ಜೀವ ಬರುತ್ತಿತ್ತು. ಅವಳು ಹಾಸಿಗೆಯನ್ನು ಮಗಳ ಕೋಣೆಗೆ ಸಾಗಿಸಿದಳು, ಹೊತ್ತುಹೊತ್ತಿಗೆ ಊಟ ಬಡಿಸಿದಳು, ತವರಿಗೆ ಹೋಗುವ ವಿಚಾರವನ್ನು ರಿಪೋರ್ಟು ಬಂದ ಮೇಲೆ ನೋಡುತ್ತೇನೆಂದು ತಣ್ಣಗೆ ಹೇಳಿದಳು. ಪಾಪ, ಅವನಿಗೆ ತನ್ನ ಮೇಲೇ ಅನುಮಾನ ಹತ್ತಿತು. ಮಾಂಸ ಕೊಚ್ಚುತ್ತ ನಿಂತಾಗ, ಮಾಡದ ತಪ್ಪನ್ನು ಯಾವಾಗ ಮಾಡಿದೆನೆಂದು ನೆನಪಿಸಿಕೊಳ್ಳಲು ಹೆಣಗುತ್ತಿದ್ದ.

"ಏಳನೇ ನಂಬರು," ಎಂದರು ಡಾಕ್ಟರು, ಲಕೋಟೆಯಿಂದ ತೆಗೆದ ಕಾಗದ ಓದುತ್ತ.

"ಹಾಗಂದ್ರೆ?" ಹೆಂಡತಿಯೇ ಕೇಳಿದಳು.

"ಮಾಂಸ ಕತ್ತರಿಸೋರ ಕೈಯಲ್ಲೇ ಹೆಚ್ಚಾಗಿ ಸಿಗೋ ಬಗೆ ಇದು ಕಣಮ್ಮ. ದಿನವಿಡೀ ಒದ್ದೆ ಕೈ, ತಣ್ಣಗಿರೋ ಮಾಂಸ, ಮೇಲೆ ಚಿಕ್ಕಪುಟ್ಟ ಗಾಯ. ನೀವು ಹೆದರಿದ್ರಲ್ಲ, ಅದಲ್ಲ ಇದು. ಕಸುಬಿನಿಂದ ಬಂದಿದ್ದು."

ಅವಳು ಕಾಗದವನ್ನು ಇಸಿದುಕೊಂಡು ಆ ಅಂಕಿಯನ್ನೇ ನೋಡಿದಳು. ತಲೆಯೆತ್ತದೆ, "ನಮ್ಮ ಮಾವನವರ ಕೈಯಲ್ಲೂ ಹೀಗೇ ಇತ್ತು," ಎಂದಳು. ಅದೇ ಅಂಗಡಿಯಲ್ಲಿ ಮಾಂಸ ಕೊಚ್ಚುವ ಅದೇ ಮರದ ದಿಮ್ಮಿಯ ಮುಂದೆ ಮುದುಕನಾದವನ ಕೈ ಅದು. ಮದುವೆಯಾದಾಗಿನಿಂದ ಕಂಡ ಕೈ ಈಗ ನೆನಪಾಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಅವನಿಗೋ ಎದೆಯ ಮೇಲಿನ ಬಂಡೆ ಇಳಿದು, ಎಲ್ಲಿ ಡಾಕ್ಟರ ಮುಂದೆ ಅತ್ತುಬಿಡುತ್ತೇನೋ ಎಂದು ಭಯವಾಯಿತು. ಚಿಕಿತ್ಸೆಗೆ ಮುಂದಿನ ವಾರ ಬನ್ನಿ ಎಂದು ಡಾಕ್ಟರು ಹೇಳುವಷ್ಟರಲ್ಲಿ ಎದ್ದು ಬಾಗಿಲತ್ತ ನಡೆದಿದ್ದ.

ಹೊರಗೆ ಬಿಸಿಲು ಚುರುಕಾಗಿತ್ತು. ಮೆಟ್ಟಿಲಿಳಿಯುತ್ತ ಅವನು, "ತವರಿಗೆ ಟಿಕೆಟ್ ತೆಗೆಸ್ಲಾ?" ಎಂದು ಕೇಳಿದ.

"ಸುಮ್ನಿರಿ ಸಾಕು," ಎಂದಳು. ನಗು ತಡೆಯಲು ಹೋಗಿ ಕಣ್ಣೊರೆಸಿಕೊಂಡಳು.

ರಸ್ತೆ ತುಂಬ ಗಾಡಿಗಳು. ದಾಟಿಸಲೆಂದು ಅವನು ಬಲಗೈ ಚಾಚಿದ. ಅವಳು ಅದನ್ನು ಬಿಟ್ಟು, ಅವನ ಬೆನ್ನ ಹಿಂದಿನಿಂದ ಸುತ್ತಿ ಬಂದು, ಎಡಗೈಯನ್ನು ಹಿಡಿದುಕೊಂಡಳು. ಗಾಡಿಗಳೆಲ್ಲ ಹೋಗಿ ರಸ್ತೆ ಖಾಲಿಯಾದರೂ ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು.