ಪೂಜೆಗೆ ಕುಳಿತ ಬರ್ಫದ ಅಲಗುಗಳು

ಸಾವಿರದ ಒಂಬೈನೂರ ನಲವತ್ತೊಂದರ ಮಹಾನವಮಿಯ ಬೆಳಿಗ್ಗೆ ಕುಡಗೋಲು, ಕೊಡಲಿ, ಈಳಿಗೆಗಳ ಸಾಲಿನಲ್ಲಿ ರಾಜಾಬೀಯ ಅಲಗುಗಳೂ ಖಂಡೇಪೂಜೆಗೆ ಕುಳಿತುಬಿಟ್ಟಿದ್ದವು! ಬೂಟಿನ ಅಡಿಗೆ ತಿರುಪಿನಿಂದ ಬಿಗಿದು ಹೆಪ್ಪುಗಟ್ಟಿದ ನೀರಿನ ಬರ್ಫದ ಮೇಲೆ ಜಾರುವ ಜೋಡಿ ಅಲಗುಗಳವು. ಗಂಗಾವತಿಯ ರಾಜಾಬೀ ನನ್ನ ಕಾಲೇಜಿನ ಗೆಳತಿ. ಅವಳ ತಂದೆಗೆ ಸಿಮ್ಲಾದಲ್ಲಿ ನೌಕರಿ. ತೋರಿಸಲೆಂದು ತಂದಿದ್ದಳು. ನಾಲ್ಕು ದಿನ ಬಿಟ್ಟುಹೋಗು ಎಂದು ಬೇಡಿಕೊಂಡವಳು ನಾನೇ. ನಾಳೆ ಸಂಜೆ ಸಿಮ್ಲಾ ಕಡೆ ಹೊರಟ ಅವಳ ರೈಲು ನಮ್ಮ ತಳಕಲ್ಲಿನಲ್ಲಿ ನಿಂತಾಗ ಮರಳಿ ಕೊಡಬೇಕು. ಚಳಿಗಾಲದ ಪಂದ್ಯಕ್ಕೆ ಅವಳಿಗಿದ್ದದ್ದು ಇದೊಂದೇ ಜೋಡಿ.

“ಅಲಗು ಇದ್ದದ್ದೆಲ್ಲಾ ಆಯುಧನ,” ಎಂದು ಅಜ್ಜಿ ಬಸವಣ್ಣೆಮ್ಮ ತಂಬಿಗೆ ನೀರು ಸುರಿದು, ಹಸಿ ವಿಭೂತಿ ಬಳಿದಳು.

“ಕಾಲಿಗೆ ಕುಡಗೋಲು ಕಟ್ಕೊಂಡು ಕುಣಿಯಾಕಿ ಯಾರವ್ವಾ ಆ ನಿನ್ನ ಗೆಳತಿ?” ಅಂದಪ್ಪ ಕಾಕಾ ನಕ್ಕ.

ಒರೆಸಿಡಬೇಕು ಎನ್ನಲು ಬಾಯಿ ತೆರೆದೆ. ಮನೆ ತುಂಬ ಜನ. ಮುಚ್ಚಿಕೊಂಡೆ. ಪೂಜೆಗಿಟ್ಟ ಕಬ್ಬಿಣವನ್ನು ಮರುದಿನ ಬನ್ನಿ ಹಬ್ಬದವರೆಗೆ ಯಾರೂ ಮುಟ್ಟುವಂತಿಲ್ಲ.

ಮರುದಿನ ಮಧ್ಯಾಹ್ನ ಪೂಜೆ ಇಳಿಸಿದ್ದೇ ತಡ, ಓಡಿಹೋಗಿ ನೋಡಿದೆ. ವಿಭೂತಿಯ ಅಡಿಯಲ್ಲೆಲ್ಲ ತುಕ್ಕಿನ ಕೆಂಪು ಚುಕ್ಕೆಗಳು!

“ಅಯ್ಯ ನಮ್ಮವ್ವಾ, ಜಂಗು ಹಿಡಿದೈತಲ್ಲ!” ಅಜ್ಜಿಯ ಮುಖ ನನ್ನದಕ್ಕಿಂತ ಸಣ್ಣದಾಯಿತು. “ತಡಿ, ಇಟ್ಟಿಗಿ ಪುಡೀಲೆ ಗಸಗಸ ತಿಕ್ಕೂಣು.”

“ಇಟ್ಟಿಗಿ ಬ್ಯಾಡಜ್ಜಿ, ಅಂಚು ಹೋಗ್ತೈತಿ. ಒಲಿ ಬೂದಿ ಕೊಡು, ಭಾಳ ಸಣ್ಣಂದು.”

ಅವಳು ಬೂದಿಯನ್ನು ತೆಳು ಬಟ್ಟೆಯಲ್ಲಿ ಸೋಸಿ ಕೊಟ್ಟಳು. ಔಡಲ ಎಣ್ಣೆಯಲ್ಲಿ ಕಲಸಿ, ಒಬ್ಬೊಬ್ಬರು ಒಂದೊಂದು ಅಲಗು ಹಿಡಿದು, ಅಡ್ಡ ಹಾಯದೆ ಉದ್ದಕ್ಕೇ ತಿಕ್ಕಿದೆವು. ಬೆರಳು ಉರಿದವು. ಚುಕ್ಕೆಯೊಂದು ಅಳಿದಾಗೆಲ್ಲ ಅಜ್ಜಿ, “ಹೋತು! ಇದೂ ಹೋತು ನೋಡು!” ಎಂದು ಕೂಗುತ್ತಿದ್ದಳು. ತಿರುಪಿನ ಸಂದಿಯ ಪಸೆಯನ್ನು ಬಿಸಿಲಿಗೆ ಆರಿಸಿ, ಮೇಲೆ ಹೊಸ ಎಣ್ಣೆ ಸವರುವಷ್ಟರಲ್ಲಿ ದೂರದಲ್ಲಿ ರೈಲಿನ ಸೀಟಿ!

ಸ್ಟೇಷನ್ನಿಗೆ ಏದುಸಿರಿನಲ್ಲಿ ಓಡಿದೆ. ಕಿಟಕಿಯಿಂದ ಕೈಚಾಚಿ ಅಲಗು ತೆಗೆದುಕೊಂಡ ರಾಜಾಬೀ ಅದರ ಅಂಚಿನ ಮೇಲೆ ಉಗುರು ಎಳೆದಳು. ಹರಿತ ಅಂಚು ಕೆರೆದ ಉಗುರಿನಿಂದ ಬಿಳಿ ಹುಡಿ ಉದುರಿತು.

“ಏ ಹುಚ್ಚಿ, ಕೊಟ್ಟಾಗಿಂತ ಛಲೋ ಆಗ್ಯಾವಲ್ಲ! ಏನ್ ಮಾಡ್ದಿ?”

ರೈಲು ಹೊರಟೇಬಿಟ್ಟಿತು. ನಾನೂ ಪಕ್ಕದಲ್ಲೇ ಓಡಿದೆ.

“ಆಡಿದ ಕೂಡ್ಲೆ ಒರಸು! ಹಸಿ ಚೀಲದಾಗ ಇಡಬ್ಯಾಡ! ಎಣ್ಣಿ ಹಚ್ಚು, ರಾಜಾ, ಎಣ್ಣಿ!”

ಪ್ಲಾಟ್‌ಫಾರ್ಮಿನ ಜನರೆಲ್ಲ ತಿರುಗಿ ನೋಡುತ್ತಿದ್ದರು. ನೋಡಲಿ.

“ಗೆದ್ದು ಬಾ!” ಎಂದು ಇನ್ನೂ ಗಟ್ಟಿಯಾಗಿ ಕೂಗಿದೆ.