ಆನೆಯ ಬಾಲ

ಶಿವಮೊಗ್ಗದ ಒಂದು ಕಾಲೇಜಿಗೆ ಸುವರ್ಣ ಮಹೋತ್ಸವದ ಪ್ರದರ್ಶನಕ್ಕೊಂದು ಹಳೇ ಕಂಪ್ಯೂಟರ್ ಬೇಕಾಗಿತ್ತು. ಅದು ಭದ್ರಾವತಿಯ ಶಿವಯೋಗಪ್ಪನವರ ಮನೆಯಲ್ಲಿತ್ತು. ಎಂಬತ್ತರ ದಶಕದಲ್ಲಿ ಅವರೇ ಬೇಸಿಕ್ ಭಾಷೆಯಲ್ಲಿ ಬರೆದ ಪ್ರೋಗ್ರಾಮು ಕ್ಯಾಸೆಟ್ಟಿನಲ್ಲಿ ಇನ್ನೂ ಜೀವ ಹಿಡಿದಿತ್ತು: ಸಕ್ರೆಬೈಲು ಬಿಡಾರದ ಆನೆಯೊಂದು ಪರದೆಯ ಆ ತುದಿಯಿಂದ ಈ ತುದಿಗೆ ನಡೆದುಹೋಗುವುದು. ತಮ್ಮ ಕಣ್ಣು ಪೂರ್ತಿ ಮಂಜಾಗುವ ಮೊದಲು ಆ ಆನೆ ನಾಲ್ಕು ಜನರೆದುರು ನಡೆಯಬೇಕೆಂಬುದು ಅಜ್ಜನ ಆಸೆ. ಕೀಲಿ ಒತ್ತುವ ಕೆಲಸ ಮೊಮ್ಮಗಳು ಸ್ಫೂರ್ತಿಯದು.

ಸ್ವಾಗತ ಸಮಿತಿಯ ಅಧ್ಯಕ್ಷ ವಿಜಯೇಂದ್ರ ಅಡ್ಡ ಬಂದ. "ಮೊದ್ಲು ಪರದೆ ಮೇಲೆ ಗಣ್ಯರ ಹೆಸ್ರು ಬರ್ಲಿ. ಆಮೇಲೆ ಆನೆ ಗೀನೆ."

ಬರೀ ಹೆಸರಾಗಿದ್ದರೆ ಹೇಗೋ ಆಗುತ್ತಿತ್ತು. ಹಿಂದೆ ಮುಂದೆ ಶಿಕ್ಷಣಪ್ರೇಮಿ, ಕೊಡುಗೈ ದಾನಿ, ಸಮಾಜದ ಕಣ್ಮಣಿ. ಆ ಬಿರುದುಗಳನ್ನು ಒಬ್ಬರಿಗೊಬ್ಬರು ಹಂಚಿಕೊಂಡವರೇ ಎಲ್ಲರೂ.

"ಜಾಗ ಇಲ್ಲ ಸರ್," ಎಂದಳು ಸ್ಫೂರ್ತಿ. "ಭಾಷೆ ಓದೋ ಇಂಟರ್‌ಪ್ರಿಟರೇ ಅರ್ಧ ಮೆಮೊರಿ ತಿನ್ನುತ್ತೆ. ಮಿಕ್ಕಿದ್ದು ಆನೆಗೇ ಆಯ್ತು."

"ನನ್ನ ಫೋನಲ್ಲಿ ಅಕ್ಕನ ಮಗನ ಮದ್ವೆ ಪೂರ್ತಿ ಇದೆ. ನಿಮ್ಮ ಪೆಟ್ಟಿಗೇಲಿ ಪ್ರಿನ್ಸಿಪಾಲರು ಹಿಡಿಸಲ್ವಾ? ಬಾಲ ತೆಗಿ ಮಾರಾಯ್ತಿ, ಬಾಲ ಯಾರು ನೋಡ್ತಾರೆ."

ಅವಳು ತೆಗೆದಳು. ಅವನ ಮೇಲಿಗಿಂತ ಹೆಚ್ಚು ತನ್ನ ಮೇಲೇ ಹೇಸಿಗೆಯಾಯಿತು.

ಸಮಾರಂಭದ ದಿನ ಮುಖ್ಯ ಅತಿಥಿಯ ಷಡ್ಡಕರೂ ಶಾಲು ಹೊದ್ದು ಬಂದರು. "ಇವ್ರನ್ನೂ ಸೇರ್ಸು," ಎಂದ ವಿಜಯೇಂದ್ರ. ಅವಳು ಸೇರಿಸಿದಳು. ಮೆಮೊರಿ ಮುಗಿದಿದೆಯೆಂದು ಯಂತ್ರ ಬರೆದು ತೋರಿಸಿತು.

"ಕಾಲೂ ತೆಗಿ. ನಿಂತಲ್ಲೇ ನಿಂತಿರ್ಲಿ."

ಮುಂದಿನ ಸಾಲಿನಲ್ಲಿ ಅಜ್ಜ ಕನ್ನಡಕ ಒರೆಸುತ್ತ ಕೂತಿದ್ದರು. ಸ್ಫೂರ್ತಿ ಹೆಸರುಗಳ ಮೇಲೆ ಕಣ್ಣಾಡಿಸಿದಳು. ಎಲ್ಲಕ್ಕಿಂತ ಉದ್ದದ ಸಾಲು ವಿಜಯೇಂದ್ರನದೇ. ಆ ಯಂತ್ರದಲ್ಲಿ ಸಾಲಿನ ನಂಬರೊಂದನ್ನೇ ಒತ್ತಿ ಎಂಟರ್ ಹೊಡೆದರೆ ಸಾಲು ಅಳಿಸಿಹೋಗುತ್ತದೆ. ಒತ್ತಿದಳು. ಷಡ್ಡಕರು ಆರಾಮಾಗಿ ಹಿಡಿಸಿದರು.

ಪರದೆಯ ಮೇಲೆ ಹೆಸರುಗಳು ಬಂದವು, ಚಪ್ಪಾಳೆ ಬಿತ್ತು. ತನ್ನ ಹೆಸರನ್ನು ಹಿಡಿಯಲು ವಿಜಯೇಂದ್ರ ಫೋನು ಎತ್ತಿ ನಿಂತೇ ಇದ್ದ. ಅಷ್ಟರೊಳಗೆ ಆನೆ ಬಂತು. ಚೌಕ ಚೌಕ ಮೈ, ನಾಲ್ಕೂ ಕಾಲು, ಒಂದೊಂದೇ ಹೆಜ್ಜೆ. ಈ ತುದಿ ತಲುಪುವವರೆಗೂ ಅಜ್ಜ ಉಸಿರು ಬಿಡಲಿಲ್ಲ.

"ಬಾಲ ಎಲ್ಲೇ?"

"ಪ್ರಿನ್ಸಿಪಾಲರ ಬಿರುದಿಗೆ ಹೋಯ್ತು ಅಜ್ಜ."

"ಹೋಗ್ಲಿ ಬಿಡು," ಎಂದರು ಶಿವಯೋಗಪ್ಪ. "ಅವರೇ ಅಲ್ಲಾಡಿಸ್ಲಿ."